ಶುಗರ್ ಏರುವ ದಾರಿಯಲ್ಲಿ ಬಾಲ್ಯವೂ ಇದೆಯೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಧುಮೇಹ ಇರುವವರ ಮನಸ್ಸಿನ ಬೇಸರದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಶುಗರ್ ಲೆಕ್ಕದಿಂದ ಶುರುವಾದ ಹಲವು ಪತ್ರಗಳು ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಚಿಕ್ಕಂದಿನ ಮಾತಿಗೆ ತಿರುಗಿವೆ. ಹೆಚ್ಚಾಗಿ ಅಂಥವನ್ನೇ ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 46 ವರ್ಷ. ಶುಗರ್ ಬಂದು 9 ವರ್ಷವಾಯಿತು. ಎರಡು ಬಗೆ ಮಾತ್ರೆ ಇದೆ, ವಾರದಲ್ಲಿ ಎರಡು ಮೂರು ದಿನ ಬಿಟ್ಟುಹೋಗುತ್ತದೆ, ಡಾಕ್ಟರಿಗೆ ಹೇಳಿಲ್ಲ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 9.4. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಸಿಕ್ಕಿದ್ದು ತಿನ್ನುತ್ತೇನೆ, ಆಮೇಲೆ ಅಳು ಬರುತ್ತದೆ. ಕುಡಿದು ಬಂದು ಹೊಡೆಯುವ ಅಪ್ಪನ ಮನೆಯಲ್ಲಿ ಬೆಳೆದವಳು ನಾನು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? 'ಟೆನ್ಷನ್ ಬಿಡಿ' ಅನ್ನುತ್ತಾರೆ. ಹೇಗೆ ಬಿಡುವುದು?

ಸಂಬಂಧ ಇದೆ. 'ಅಪ್ಪ ಹೊಡೆದ, ಅದಕ್ಕೇ ಶುಗರ್ ಬಂತು' ಎನ್ನುವಷ್ಟು ನೇರವಾದ ಸಂಬಂಧವಲ್ಲ, ನಡುವೆ ಹಲವು ಮೆಟ್ಟಿಲುಗಳಿವೆ. ಹಾಗಿರುವುದು ಒಳ್ಳೆಯದೇ, ಮೆಟ್ಟಿಲಿದ್ದ ಕಡೆ ತಡೆಯಲು ಜಾಗ ಸಿಗುತ್ತದೆ.

ಈ ವಿಚಾರ ಮೊದಲು ದೊಡ್ಡದಾಗಿ ಹೊರಬಂದದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. 1980ರ ದಶಕದಲ್ಲಿ ಅಲ್ಲಿನ ವೈದ್ಯ ವಿನ್ಸೆಂಟ್ ಫೆಲಿಟ್ಟಿ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಮಧ್ಯದಲ್ಲಿ ಬಿಟ್ಟುಹೋಗುವುದನ್ನು ಕಂಡು ಕಾರಣ ಕೇಳುತ್ತಾ ಹೋದಾಗ ಬಾಲ್ಯದ ದೌರ್ಜನ್ಯದ ಕಥೆಗಳು ಒಂದರ ಮೇಲೊಂದು ಬಂದವು. ಮುಂದೆ ಸಂಶೋಧಕ ರಾಬರ್ಟ್ ಆಂಡಾ ಜೊತೆ ಸೇರಿ 17,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಅವರಲ್ಲಿ ಮೊದಲ 9,500ರಷ್ಟು ಜನರ ಲೆಕ್ಕ 1998ರಲ್ಲಿ ಪ್ರಕಟವಾಯಿತು. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ತಾಯಿಗೆ ಬೀಳುವ ಏಟು ಮುಂತಾದವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯನ್ನು ಕಂಡವರಲ್ಲಿ, ಯಾವುದೂ ಇಲ್ಲದವರಿಗಿಂತ ಖಿನ್ನತೆ, ಕುಡಿತ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಇತ್ತು. ಮಧುಮೇಹದ ಅಪಾಯ ಸುಮಾರು ಒಂದೂವರೆ ಪಟ್ಟು. ಈ ಎರಡು ಅಂಕಿಗಳ ಅಂತರ ಗಮನಿಸಿ. ಬಾಲ್ಯದ ಪೆಟ್ಟು ಮನಸ್ಸಿಗೆ ಜೋರಾಗಿ, ಸಕ್ಕರೆಗೆ ಸುತ್ತುಬಳಸಿ ತಾಗುತ್ತದೆ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತ ಬಂದ ವೈಟ್‌ಹಾಲ್ ಅಧ್ಯಯನದಲ್ಲೂ ಕಂಡದ್ದು ಇದೇ: ಬಾಲ್ಯದಿಂದ ಮಧುಮೇಹದವರೆಗಿನ ದಾರಿ ಖಿನ್ನತೆ ಮತ್ತು ದೇಹದ ಚಯಾಪಚಯದ ಏರುಪೇರುಗಳ ಮೂಲಕ ಹಾದುಹೋಗುತ್ತದೆ.

ನಿಮ್ಮ ಪತ್ರದಲ್ಲಿ ಆ ದಾರಿ ಪೂರ್ತಿ ಕಾಣುತ್ತದೆ. ಚಪ್ಪಲಿ ಸದ್ದು ಕೇಳಿದರೆ ಸಾಕು, ಇವತ್ತು ಏನು ಕಾದಿದೆಯೋ ಎಂದು ಮೈಯೆಲ್ಲ ಕಿವಿಯಾಗುವ ಮನೆಯಲ್ಲಿ ಬೆಳೆದ ದೇಹ ದೊಡ್ಡದಾದ ಮೇಲೂ ಸಣ್ಣ ಕಿರಿಕಿರಿಗೆ ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳನ್ನು ಸುರಿಯುವ ರೂಢಿ ಉಳಿಸಿಕೊಳ್ಳಬಹುದು. ಕಾರ್ಟಿಸಾಲ್ ಏರಿದರೆ ಯಕೃತ್ತು ಹೆಚ್ಚು ಸಕ್ಕರೆ ಬಿಡುತ್ತದೆ, ಇನ್ಸುಲಿನ್ ಮಾತು ಜೀವಕೋಶಗಳು ಕೇಳುವುದಿಲ್ಲ, ನಿದ್ದೆ ಕೆಡುತ್ತದೆ. ಇದರ ಮೇಲೆ ರಾತ್ರಿ ಊಟ, ಅದರ ಮೇಲೆ ಬಿಟ್ಟ ಮಾತ್ರೆ. ಮೊದಲನೆಯದನ್ನು ನಿಧಾನವಾಗಿ ಮಾತ್ರ ಬದಲಿಸಬಹುದು. ಉಳಿದೆರಡನ್ನು ಈ ವಾರವೇ ಹಿಡಿಯಬಹುದು.

ಮೊದಲು ಮಾತ್ರೆ. ಬಿಡುತ್ತಿರುವುದನ್ನು ಡಾಕ್ಟರಿಗೆ ಹೇಳಿ, ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ. ಹೇಳದಿದ್ದರೆ ಅವರು 9.4 ನೋಡಿ ಮೂರನೇ ಮಾತ್ರೆ ಸೇರಿಸುತ್ತಾರೆ. ಹಬ್ಬದ ಮರುದಿನ ಪಶ್ಚಾತ್ತಾಪಕ್ಕೆ ನೀವು ಮೂರನ್ನೂ ನುಂಗಿ ಉಪವಾಸ ಇರುತ್ತೀರಿ, ಶುಗರ್ 55ಕ್ಕೆ ಕುಸಿಯುತ್ತದೆ. 'ಲೋ' ಆಗಿ ಆಸ್ಪತ್ರೆಗೆ ಬರುವವರಲ್ಲಿ ಈ ಬಗೆ ಹೊಸದಲ್ಲ.

ಎರಡನೆಯದು ರಾತ್ರಿಯ ಅಡುಗೆಮನೆ. ಅದನ್ನು ನಾಲಿಗೆ ಚಪಲ ಎಂದು ಬೈದುಕೊಳ್ಳಬೇಡಿ. ಹಗಲೆಲ್ಲ ಮೈ ಬಿಗಿಹಿಡಿದು, ಎಲ್ಲರೂ ಮಲಗಿ ಮನೆ 'ಸುರಕ್ಷಿತ' ಎನಿಸಿದ ಮೇಲೆ ತಿನ್ನುವವರು ಬಹಳ. ಮಧ್ಯಾಹ್ನ 4ಕ್ಕೆ ಏನೂ ತಿನ್ನದೆ ರಾತ್ರಿ 9ರವರೆಗೆ ಇದ್ದರೆ ಹಸಿವೂ ಸೇರುತ್ತದೆ. 5 ಗಂಟೆಗೆ ಒಂದು ಹಿಡಿ ಹುರಿಗಡಲೆಯನ್ನೋ ಒಂದು ಲೋಟ ಮಜ್ಜಿಗೆಯನ್ನೋ ಖಾಯಂ ಮಾಡಿ. ರಾತ್ರಿ ಬಾಕಿ ಅನ್ನವನ್ನು ಒಲೆಯ ಮೇಲೆ ಬಿಡದೆ ಫ್ರಿಜ್‌ಗೆ ಸೇರಿಸಿ. ಆದರೂ ತಿಂದಿರೋ, ಡಬ್ಬಿಯಿಂದ ಬೇಡ, ತಟ್ಟೆಗೆ ಹಾಕಿಕೊಂಡು ದೀಪ ಹಾಕಿ ಕೂತು ತಿನ್ನಿ. ಕತ್ತಲಲ್ಲಿ ನಿಂತು ತಿಂದಾಗ ಎಷ್ಟು ತಿಂದೆವೆಂದು ಲೆಕ್ಕ ಸಿಗುವುದಿಲ್ಲ.

ಇನ್ನು ಖಿನ್ನತೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಸಿಗುತ್ತದೆ. ಕಳೆದ 2 ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗುವುದು, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆ ಕೀಳರಿಮೆ, ಏಕಾಗ್ರತೆ, ನಿಧಾನ ಅಥವಾ ಚಡಪಡಿಕೆ, ಸಾಯುವ ಯೋಚನೆ. ಪ್ರತಿಯೊಂದಕ್ಕೂ 'ಇಲ್ಲ' ಎಂದರೆ 0, 'ಕೆಲವು ದಿನ' 1, 'ಅರ್ಧಕ್ಕಿಂತ ಹೆಚ್ಚು ದಿನ' 2, 'ಹೆಚ್ಚುಕಡಿಮೆ ದಿನವೂ' 3. ಒಟ್ಟು 27ರಲ್ಲಿ 10 ಅಥವಾ ಮೇಲೆ ಬಂದರೆ ವೈದ್ಯರ ಹತ್ತಿರ ಹೋಗಲೇಬೇಕು. ಒಂಬತ್ತನೆಯದಕ್ಕೆ 1 ಬಂದರೂ ಅವತ್ತೇ ಮಾತಾಡಬೇಕು, ಒಟ್ಟು ಎಷ್ಟೇ ಇರಲಿ.

ಮಧುಮೇಹಿಗಳಿಗೆ ಇಲ್ಲೊಂದು ತೊಡಕು. ಶುಗರ್ 300 ಇದ್ದರೆ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದು ನಿದ್ದೆ ಕೆಡುತ್ತದೆ, ಸುಸ್ತಾಗುತ್ತದೆ, ಹಸಿವೂ ಏರುಪೇರು. ಮೂರು ಪ್ರಶ್ನೆಗೆ ಅಂಕ ಬಂದೇ ಬರುತ್ತದೆ. ಆದ್ದರಿಂದ ಆಸಕ್ತಿ, ಕುಗ್ಗುವಿಕೆ, ಕೀಳರಿಮೆ, ಸಾವಿನ ಯೋಚನೆ, ಈ ನಾಲ್ಕನ್ನು ಬೇರೆಯಾಗಿ ನೋಡಿ. ಅವು ಸೊನ್ನೆಯಾಗಿದ್ದು ಉಳಿದವು ಏರಿದ್ದರೆ ಮೊದಲು ಶುಗರ್ ಇಳಿಸಿ ಮತ್ತೆ ತುಂಬಿಸಿ ನೋಡಬೇಕು. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್ಎಚ್, ಬಿ12 ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕುಸಿಯಬಹುದು, ಸಸ್ಯಾಹಾರಿಗಳಲ್ಲಿ ಇನ್ನೂ ಬೇಗ. ಆಗ ಬರುವ ಸುಸ್ತು, ಮರೆವು, ಬೇಸರ, ಕಾಲು ಜೋಮು ನೋಡಲು ಖಿನ್ನತೆಯಂತೆಯೇ ಇರುತ್ತದೆ. ಹಿಮೋಗ್ಲೋಬಿನ್ ಏಕೆಂದರೆ ಕಬ್ಬಿಣದ ಕೊರತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಿಮ್ಮ 9.4ರಲ್ಲಿ ಅದರ ಪಾಲು ಸ್ವಲ್ಪ ಇದ್ದರೂ ಇರಬಹುದು.

ಅಪ್ಪನ ವಿಷಯ ಹೇಳಲೇಬೇಕೆ? ಇಲ್ಲ. ಹಳೆಯದನ್ನು ಕೆದಕದೆಯೂ ಖಿನ್ನತೆಗೆ ಚಿಕಿತ್ಸೆ ಆಗುತ್ತದೆ. 'ಚಿಕ್ಕಂದಿನಲ್ಲಿ ಮನೆಯಲ್ಲಿ ಹೊಡೆತ ಇತ್ತು, ವಿವರ ಬೇಡ' ಎಂಬ ಒಂದು ವಾಕ್ಯ ಸಾಕು. ಅದು ಗೊತ್ತಿದ್ದರೆ ಚಿಕಿತ್ಸಕರು ನಿಮ್ಮನ್ನು ಗದರಿ ದಾರಿಗೆ ತರಲು ಹೋಗುವುದಿಲ್ಲ, ಬರೀ ಮಾತ್ರೆ ಬರೆದು ಕಳಿಸದೆ ಆಪ್ತಸಮಾಲೋಚನೆಯನ್ನೂ ಸೇರಿಸುತ್ತಾರೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮೊಬೈಲಿನಲ್ಲಿ ಬಾಲ್ಯದ ಕಷ್ಟದ 10 ಪ್ರಶ್ನೆಯ ಪರೀಕ್ಷೆ ಮಾಡಿದೆ. 6 ಬಂತು. ಶುಗರ್ ಈಗಾಗಲೇ ಇದೆ. ಇನ್ನು ಖಿನ್ನತೆ ಬರುವುದು ಗ್ಯಾರಂಟಿಯೇ?

ಅಲ್ಲ. ಮೇಲೆ ಹೇಳಿದ ಸ್ಯಾನ್ ಡಿಯಾಗೊ ಅಧ್ಯಯನದಿಂದ ಬಂದ ಆ ಅಂಕ ಸಾವಿರಾರು ಜನರ ಗುಂಪಿನಲ್ಲಿ ಅಪಾಯ ಅಳೆಯಲು ಮಾಡಿದ್ದು, ಒಬ್ಬರ ಭವಿಷ್ಯ ಹೇಳಲು ಅಲ್ಲ. ಹಾಗೆ ಬಳಸಬೇಡಿ ಎಂದು ಅದನ್ನು ರೂಪಿಸಿದ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ. ಒಂದು ಸಲ ಆದದ್ದಕ್ಕೂ ಹತ್ತು ವರ್ಷ ಆದದ್ದಕ್ಕೂ ಅದರಲ್ಲಿ ಒಂದೇ ಅಂಕ. ಪಕ್ಕದಲ್ಲಿ ಒಬ್ಬ ಅಜ್ಜಿಯೋ ಮೇಷ್ಟ್ರೋ ನಿಂತಿದ್ದರೆ ಅದಕ್ಕೆ ಅಂಕವೇ ಇಲ್ಲ.

ಪ್ರಶ್ನೆ: ವಯಸ್ಸು 58. ಶುಗರಿಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ಇದೆ. ರಾತ್ರಿ 2 ಗಂಟೆಗೆ ಮೈ ಬೆವತು, ಎದೆ ಡವಡವ ಎಂದು ಎಚ್ಚರವಾಗುತ್ತದೆ. ಚಿಕ್ಕಂದಿನಲ್ಲಿ ಶಿಕ್ಷೆ ಎಂದು ಕತ್ತಲ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು, ಅದೇ ಕನಸು. ಇದು ಶುಗರ್ ಲೋ ಆಗಿದ್ದಾ, ಹೆದರಿಕೆಯಾ? ಪ್ರತಿ ಸಲ ಸಕ್ಕರೆ ತಿಂದು ಮಲಗುತ್ತೇನೆ.

ಎರಡರ ಲಕ್ಷಣವೂ ಒಂದೇ, ಎರಡರಲ್ಲೂ ಕೆಲಸ ಮಾಡುವುದು ಅಡ್ರಿನಲಿನ್. ಹಾಗಾಗಿ ಊಹೆ ನಡೆಯುವುದಿಲ್ಲ, ಮೆಷಿನ್ ತೀರ್ಪು ಕೊಡಲಿ. ಗ್ಲೂಕೋಮೀಟರು, ಪಟ್ಟಿ, ಸೂಜಿ, ಒದ್ದೆ ಬಟ್ಟೆ, ಟಾರ್ಚು, ಇಷ್ಟನ್ನು ಒಂದು ಡಬ್ಬದಲ್ಲಿ ಹಾಕಿ ದಿಂಬಿನ ಪಕ್ಕ ಇಡಿ. ಎಚ್ಚರವಾದ ತಕ್ಷಣ ಬೆರಳು ಒರೆಸಿ, ಒಣಗಿಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ ನೋಡಿ. ಬಾಳೆಹಣ್ಣು ಸುಲಿದ ಕೈಯಲ್ಲೇ ನೋಡಿದರೆ 90 ಇರುವುದು 160 ತೋರಿಸೀತು.

70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ, ಸುಮಾರು 15 ಗ್ರಾಂ, ನೀರಲ್ಲಿ ಕದಡಿ ಕುಡಿಯಿರಿ. ಲಾಡು, ಚಾಕೊಲೇಟು ಬೇಡ, ತುಪ್ಪ ಕೊಬ್ಬು ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ದಾಟಿದ ಮೇಲೆ ಎರಡು ಬಿಸ್ಕತ್ತೋ ಅರ್ಧ ಲೋಟ ಹಾಲೋ ತೆಗೆದುಕೊಂಡು ಮಲಗಿ. ಮೆಷಿನ್ ಕೆಟ್ಟಿದ್ದರೆ, ಪಟ್ಟಿ ಮುಗಿದಿದ್ದರೆ ಲೋ ಎಂದೇ ತಿಳಿದು ಸಕ್ಕರೆ ಕುಡಿಯಿರಿ. ಹೆಚ್ಚಾದ ಶುಗರ್ ನಾಳೆಯವರೆಗೆ ಕಾಯುತ್ತದೆ, ಕುಸಿದ ಶುಗರ್ ಕಾಯುವುದಿಲ್ಲ. ವಾರದಲ್ಲಿ ಎರಡು ಸಲ ಲೋ ಕಂಡರೆ ಗ್ಲಿಮೆಪಿರೈಡ್ ಡೋಸ್ ಇಳಿಸಲು ಕೇಳಿ, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ. ಮಾತ್ರೆ ನುಂಗಿ ರಾತ್ರಿ ಊಟ ಬಿಡುವುದು, ಖಾಲಿ ಹೊಟ್ಟೆಯಲ್ಲಿ ಕುಡಿಯುವುದು, ಇವೆರಡು ದೊಡ್ಡ ಕಾರಣಗಳು. ಬಿಪಿಗೆ ಅಟೆನೊಲಾಲ್ ಬಗೆಯ ಮಾತ್ರೆ ಇದ್ದರೆ ನಡುಕ, ಡವಡವ ಮರೆಯಾಗಿ ಬೆವರು ಮಾತ್ರ ಉಳಿಯಬಹುದು, ನೆನಪಿರಲಿ.

140, 180 ಹೀಗೆ ಬಂದರೆ ಅದು ಕನಸಿನ ಹೆದರಿಕೆ. ಆಗ ತಿನ್ನುವ ಸಕ್ಕರೆ ಬೆಳಗಿನ ಶುಗರ್ ಏರಿಸುತ್ತದೆ ಅಷ್ಟೆ. ಇನ್ನೊಂದು ಬಗೆಯೂ ಇದೆ: ತಿಂಗಳುಗಟ್ಟಲೆ 300ರಲ್ಲಿ ಇದ್ದವರಿಗೆ 120ಕ್ಕೆ ಇಳಿದರೂ ಲೋ ಆದಂತೆ ಅನಿಸುತ್ತದೆ. ಕೆಲವು ವಾರದಲ್ಲಿ ದೇಹ ಹೊಂದಿಕೊಳ್ಳುತ್ತದೆ.

ಹೆದರಿಕೆಯಾದರೆ ದೀಪ ಹಾಕಿ, ಎದ್ದು ಕೂತು ಎರಡೂ ಪಾದ ತಣ್ಣನೆ ನೆಲಕ್ಕೆ ಒತ್ತಿ. ಇವತ್ತಿನ ದಿನಾಂಕ, ನಿಮ್ಮ ವಯಸ್ಸು, ಈ ಮನೆಯ ವಿಳಾಸ ಬಾಯಿಬಿಟ್ಟು ಹೇಳಿ. ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ. 4 ಎಣಿಸುತ್ತಾ ಉಸಿರು ಒಳಗೆ, 6 ಎಣಿಸುತ್ತಾ ಹೊರಗೆ, 5 ನಿಮಿಷ. ಬಾಗಿಲು ತೆರೆದೇ ಮಲಗಿದರೆ, ಸಣ್ಣ ದೀಪ ಉರಿಯುತ್ತಿದ್ದರೆ ನಿಮ್ಮಂಥವರಿಗೆ ಅನುಕೂಲ. ತಿಂಗಳಿನಿಂದ ವಾರವಾರವೂ ಇದೇ ಕನಸು ಬರುತ್ತಿದ್ದರೆ, ಕತ್ತಲ ಜಾಗ, ಲಿಫ್ಟು ತಪ್ಪಿಸಿಕೊಂಡು ಓಡಾಡುತ್ತಿದ್ದರೆ ಆಘಾತದ ನೆನಪಿಗೇ ಪ್ರತ್ಯೇಕ ಮಾತಿನ ಚಿಕಿತ್ಸೆ ಇದೆ. 50 ವರ್ಷ ಹಳೆಯದಾದರೂ ಅದು ಕೆಲಸ ಮಾಡುತ್ತದೆ.

ಪ್ರಶ್ನೆ: ಗಂಡನಿಗೆ 52. ಅವರಿಗೆ ಖಿನ್ನತೆ ಎಂದು ಸರ್ಟ್ರಾಲಿನ್ 50 ಬರೆದಿದ್ದಾರೆ. 'ಆ ಮಾತ್ರೆ ತಗೊಂಡರೆ ಶುಗರ್ ಏರತ್ತೆ, ಅಭ್ಯಾಸ ಆಗತ್ತೆ, ಬಿಡಕ್ಕಾಗಲ್ಲ' ಅನ್ನುತ್ತಾರೆ ನೆಂಟರು. ನಾಲ್ಕು ದಿನ ನುಂಗಿ ಹೊಟ್ಟೆ ತೊಳೆಸಿತೆಂದು ಬಿಟ್ಟರು.

ನೆಂಟರ ಮಾತಿನಲ್ಲಿ ಕಾಲು ಭಾಗ ನಿಜ. ಖಿನ್ನತೆಯ ಎಲ್ಲ ಮಾತ್ರೆಯೂ ಒಂದೇ ಅಲ್ಲ. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್, ಪ್ಯಾರೊಕ್ಸೆಟಿನ್ ತೂಕ ಏರಿಸಬಹುದು, ತೂಕದ ಹಿಂದೆ ಶುಗರ್ ಬರುತ್ತದೆ. ನಿದ್ದೆಗೆ ಎಂದು ಸೇರಿಸುವ ಓಲಾಂಜಪಿನ್, ಕ್ವೆಟಿಯಾಪಿನ್ ಇನ್ನೂ ಜೋರು. ಚೀಟಿಯಲ್ಲಿ ಇವು ಇದ್ದರೆ 'ಶುಗರ್ ಇದೆ, ಬೇರೆ ಇದೆಯಾ?' ಎಂದು ಕೇಳುವುದು ನಿಮ್ಮ ಹಕ್ಕು. ಸರ್ಟ್ರಾಲಿನ್, ಎಸಿಟಲೊಪ್ರಾಮ್, ಫ್ಲೂಕ್ಸೆಟಿನ್ ಆ ಗುಂಪಿನವಲ್ಲ. ಇವು ಶುರುವಾದಾಗ ಕೆಲವರಲ್ಲಿ ಶುಗರ್ ಸ್ವಲ್ಪ ಇಳಿಯುವುದೂ ಉಂಟು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಇದ್ದವರು ಮೊದಲ ತಿಂಗಳು ವಾರಕ್ಕೆ ಎರಡು ಸಲವಾದರೂ ಶುಗರ್ ನೋಡಿಕೊಳ್ಳಬೇಕಾದದ್ದು ಅದಕ್ಕೇ.

ಹೊಟ್ಟೆ ತೊಳೆಸುವುದು ಮೊದಲ ವಾರದ ಮಾತು. ಊಟವಾದ ಮೇಲೆ ನುಂಗಲಿ. 25 ಎಂಜಿಯಿಂದ ಶುರುಮಾಡಿ ವಾರದ ಮೇಲೆ 50ಕ್ಕೆ ಹೋಗಬಹುದೇ ಎಂದು ವೈದ್ಯರನ್ನು ಕೇಳಿ. ಮೆಟ್‌ಫಾರ್ಮಿನ್ ಕೂಡ ಹೊಟ್ಟೆ ಕೆಡಿಸುವ ಮಾತ್ರೆಯೇ. ಎರಡನ್ನೂ ಒಂದೇ ವಾರ ಹೊಸದಾಗಿ ಶುರುಮಾಡಿದ್ದರೆ ಯಾವುದರದ್ದು ತಪ್ಪೆಂದು ಗೊತ್ತಾಗದೆ ಎರಡನ್ನೂ ಬಿಡುತ್ತಾರೆ.

ಗುಣ ಕಾಣಲು 2ರಿಂದ 4 ವಾರ ಬೇಕು, ಪೂರ್ತಿ ತೂಗಿ ನೋಡಲು 6ರಿಂದ 8 ವಾರ. ಹೊಟ್ಟೆ ತೊಳೆಸುವಿಕೆ ಮೊದಲ ದಿನವೇ ಬರುತ್ತದೆ, ಲಾಭ ತಿಂಗಳ ಕೊನೆಗೆ ಬರುತ್ತದೆ. ಜನ ಸೋಲುವುದು ಈ ಅಂತರದಲ್ಲಿ. ಚೆನ್ನಾದ ಮೇಲೂ 6ರಿಂದ 9 ತಿಂಗಳು ಮುಂದುವರಿಸಿ, ಆಮೇಲೆ ಹಂತಹಂತವಾಗಿ ಇಳಿಸುತ್ತಾರೆ. ಇದು ಕುಡಿತದಂಥ ಚಟವಲ್ಲ, ಡೋಸ್ ಏರಿಸುತ್ತಲೇ ಹೋಗಬೇಕೆಂಬ ಹಂಬಲ ಹುಟ್ಟುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕರೆಂಟು ಹೊಡೆದಂಥ ಅನುಭವ, ಸಿಡುಕು ಕೆಲದಿನ ಕಾಡುತ್ತದೆ. 'ಬಿಡಕ್ಕಾಗಲ್ಲ' ಎಂಬ ಮಾತು ಹುಟ್ಟಿದ್ದು ಅಲ್ಲಿಂದ.

ನೀವು ಕೇಳದ ಒಂದು ವಿಷಯ. ಈ ಮಾತ್ರೆಗಳಿಂದ ಲೈಂಗಿಕ ಆಸಕ್ತಿ ತಗ್ಗಬಹುದು. ಮಧುಮೇಹದಿಂದಲೂ ಅದೇ ತೊಂದರೆ, ಖಿನ್ನತೆಯಿಂದಲೂ ಅದೇ. ಗಂಡಸರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವುದಕ್ಕೆ ಇದೊಂದು ಕಾರಣ. ಹೇಳಿದರೆ ಬದಲಿ ಇದೆ. ಕಾಲುರಿಯೂ ಇದ್ದರೆ ಡ್ಯುಲೊಕ್ಸೆಟಿನ್ ಖಿನ್ನತೆ, ಕಾಲುರಿ ಎರಡಕ್ಕೂ ಆಗುತ್ತದೆ. ಆದರೆ ಕಾಲುರಿಗೆ ಈಗಾಗಲೇ ಬೇರೆಯವರು ಬರೆದ ಮಾತ್ರೆ, ನೋವಿನ ಟ್ರಮಡಾಲ್, ಹೃದಯದ ಆಸ್ಪಿರಿನ್ ಇವೆಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಸರ್ಟ್ರಾಲಿನ್ ಜೊತೆ ಇವುಗಳಿಗೆ ಹೊಂದಾಣಿಕೆ ನೋಡಬೇಕಾಗುತ್ತದೆ.

ಸಾಯುವ ಮಾತು ಅವರ ಬಾಯಲ್ಲಿ ಬಂದಿದ್ದರೆ ಮನೆಯಲ್ಲಿರುವ ಇನ್ಸುಲಿನ್, ಮಾತ್ರೆ ಎಲ್ಲ ನಿಮ್ಮ ಬೀಗದಲ್ಲಿರಲಿ, ಆಯಾ ಹೊತ್ತಿನದು ಮಾತ್ರ ಕೈಗೆ ಕೊಡಿ. ಅವರನ್ನು ಒಬ್ಬರೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಮೊಮ್ಮಗಳಿಗೆ 14 ವರ್ಷ, 8ನೇ ವಯಸ್ಸಿನಿಂದ ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಮಧುಮೇಹ). ಅವಳ 6ನೇ ವಯಸ್ಸಿಗೆ ತಾಯಿ ಹೋದಳು, ಅಂದಿನಿಂದ ನಮ್ಮಲ್ಲೇ ಇದ್ದಾಳೆ. ಈ ವರ್ಷ ಎರಡು ಸಲ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ಏರಿ ಐಸಿಯು ಸೇರಿದಳು. ಇನ್ಸುಲಿನ್ ತಗೊಂಡೆ ಅಂತ ಸುಳ್ಳು ಹೇಳುತ್ತಾಳೇನೋ ಎಂಬ ಅನುಮಾನ. ಹೇಗೆ ಬುದ್ಧಿ ಹೇಳುವುದು?

ಬುದ್ಧಿ ಹೇಳುವ ಮುಂಚೆ ಸಿರಿಂಜು ನೋಡಿ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇನ್ಸುಲಿನ್‌ಗೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ '20' ಗೆರೆಗೆ ಎಳೆದರೆ ಮಗುವಿನ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಅಂಗಡಿಯವ ಬೇರೆ ಸಿರಿಂಜು ಕೊಟ್ಟದ್ದಕ್ಕೆ ಮಗು ಬೈಗುಳ ತಿನ್ನುವುದು ಬೇಡ. ಚುಚ್ಚುವ ಜಾಗ ಮುಟ್ಟಿ ನೋಡಿ, ದಿನವೂ ಅಲ್ಲೇ ಚುಚ್ಚಿ ಗಂಟಾಗಿದ್ದರೆ ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಬಾಟಲಿ ಬಿಸಿಲಲ್ಲಿ, ಟಿವಿ ಮೇಲೆ ಇದ್ದು ಕೆಟ್ಟಿದೆಯೇ ನೋಡಿ. ಫ್ರಿಜ್ ಇಲ್ಲದಿದ್ದರೆ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಚಿಕ್ಕ ಡಬ್ಬದಲ್ಲಿ ಇಡಬಹುದು.

ಇದೆಲ್ಲ ಸರಿಯಿದ್ದರೆ ಲೆಕ್ಕ ಹಾಕಿ. 10 ಎಂಎಲ್ ಬಾಟಲಿಯಲ್ಲಿ 400 ಯೂನಿಟ್. ದಿನಕ್ಕೆ 40 ಬೇಕಾದರೆ 10 ದಿನಕ್ಕೆ ಖಾಲಿಯಾಗಬೇಕು. ಎರಡು ಬಗೆ ಇನ್ಸುಲಿನ್ ಇದ್ದರೆ ಒಂದೊಂದಕ್ಕೂ ಹೀಗೆ ಬೇರೆ ಲೆಕ್ಕ. 16ನೇ ದಿನವೂ ಅರ್ಧ ಉಳಿದಿದ್ದರೆ ಉತ್ತರ ಸಿಕ್ಕಿತು, ಅವಳನ್ನು ಕಟಕಟೆಗೆ ನಿಲ್ಲಿಸಬೇಕಾಗಿಲ್ಲ. ಕೇಳುವುದಾದರೆ 'ತಗೊಂಡ್ಯಾ ಇಲ್ವಾ?' ಬೇಡ. 'ಎಲ್ಲರಿಗೂ ಬಿಟ್ಟುಹೋಗತ್ತೆ, ಈ ವಾರ ಎಷ್ಟು ಸಲ ಬಿಟ್ಟುಹೋಯ್ತು?' ಎಂದು ಕೇಳಿ. ಮೊದಲನೆಯದಕ್ಕೆ ಸುಳ್ಳು ಸುಲಭ, ಎರಡನೆಯದಕ್ಕೆ ನಿಜ ಸುಲಭ.

ಬಿಡುವುದಕ್ಕೆ ಕಾರಣಗಳು ಬೇರೆಬೇರೆ. ಶಾಲೆಯ ಶೌಚಾಲಯದಲ್ಲಿ ಕದ್ದು ಚುಚ್ಚಿಕೊಳ್ಳುವ ಅವಮಾನ ಇರಬಹುದು. ಇನ್ಸುಲಿನ್ ಬಿಟ್ಟರೆ ತೂಕ ಇಳಿಯುತ್ತದೆ ಎಂದು ಈ ವಯಸ್ಸಿನ ಹುಡುಗಿಯರಿಗೆ ಬೇಗ ಗೊತ್ತಾಗುತ್ತದೆ, ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಲ್ಲುವುದು, ಊಟ ಬಿಡುವುದು ಅದರ ಜೊತೆಗಿರುತ್ತದೆ. ತಾಯಿ ಹೋದ ದುಃಖ ಬಾಯಿಗೆ ಬಾರದೆ 'ನಾನು ಇದ್ದರೇನು' ಎಂಬ ಹಠವಾಗಿ ಬರುವುದೂ ಉಂಟು. ಯಾವುದೇ ಆಗಿರಲಿ, 14 ವರ್ಷದ ಮಗುವಿನ ಹೆಗಲಿಗೆ ದಿನಕ್ಕೆ ನಾಲ್ಕು ಚುಚ್ಚುಮದ್ದಿನ ಪೂರ್ತಿ ಹೊಣೆ ಹೊರಿಸಬೇಡಿ. ದಿನಕ್ಕೊಮ್ಮೆಯ ದೀರ್ಘಾವಧಿ ಇನ್ಸುಲಿನ್ ಅನ್ನು ದೊಡ್ಡವರೊಬ್ಬರು ಕೈಯಾರೆ ಕೊಡಲಿ. ಅದೊಂದು ತಪ್ಪದಿದ್ದರೆ ಕೀಟೋನ್ ಏರಿ ಐಸಿಯು ಸೇರುವ ಪ್ರಸಂಗಗಳು ಬಹಳ ಕಡಿಮೆಯಾಗುತ್ತವೆ. ಜ್ವರ ಬಂದು ಊಟ ಬಿಟ್ಟ ದಿನವೂ ಅದನ್ನು ನಿಲ್ಲಿಸುವಂತಿಲ್ಲ. 250ರ ಮೇಲೆ ಶುಗರ್, ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

12 ವರ್ಷ ದಾಟಿದ ಟೈಪ್ 1 ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಮನಸ್ಸಿನ ತಪಾಸಣೆ ಆಗಬೇಕು. ನಿಮ್ಮವಳಿಗೆ ಎರಡು ಸಲ ಐಸಿಯು ಆದಮೇಲೆ ಅದು ಈ ತಿಂಗಳೇ ಆಗಬೇಕಾದ ಕೆಲಸ. ವೈದ್ಯರು ಅವಳೊಬ್ಬಳ ಹತ್ತಿರ ಹತ್ತು ನಿಮಿಷ ಮಾತಾಡಲಿ, ನೀವು ಹೊರಗೆ ಕೂತಿರಿ. ಮನೆಯಲ್ಲೋ ಶಾಲೆಯಲ್ಲೋ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಆಗಲೇ ಬಾಯಿ ಬಿಡುತ್ತಾಳೆ. ಅಂಥದ್ದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ನಮ್ಮ ಮನೆಯಲ್ಲಿ ಹೊಡೆತ ಬಡಿತ ಇರಲಿಲ್ಲ, ಹಸಿವು ಇತ್ತು. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಗಂಜಿ ಕುಡಿದೇ ಕಾಲ ಹಾಕಿದಳಂತೆ. ಈಗ 61, ಶುಗರ್, ಬೇಸರ ಎರಡೂ ಇವೆ. ಹಸಿವೂ ಈ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. 1944-45ರ ಚಳಿಗಾಲದಲ್ಲಿ ನಾಜಿ ಸೇನೆ ಆಹಾರ ತಡೆದಾಗ ನೆದರ್‌ಲ್ಯಾಂಡ್ಸಿನಲ್ಲಿ ಗರ್ಭದಲ್ಲಿದ್ದ ಮಕ್ಕಳಿಗೆ ನಡುವಯಸ್ಸಿನಲ್ಲಿ ಸಕ್ಕರೆ ತಡೆದುಕೊಳ್ಳುವ ಶಕ್ತಿ ಕಡಿಮೆ ಇತ್ತು. ನಮ್ಮದೇ ಉದಾಹರಣೆ ಮೈಸೂರಿನದು. ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ಕೂಸುಗಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ ಅಂದುಕೊಂಡದ್ದಕ್ಕಿಂತ ಬೇರೆ ಕಂಡಿತು: ಕಡಿಮೆ ತೂಕದವರಿಗಲ್ಲ, ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದವರಿಗೆ ಮಧುಮೇಹ ಹೆಚ್ಚು. ಗರ್ಭದ ಕಥೆ ಹಸಿವೊಂದರಿಂದ ಮುಗಿಯುವುದಿಲ್ಲ, ತಾಯಿಯ ತೂಕ ಮತ್ತು ಶುಗರ್ ಕೂಡ ಅದರಲ್ಲಿವೆ. ಮನೆಯಲ್ಲಿ ಮಗಳೋ ಸೊಸೆಯೋ ಬಸುರಿಯಾದರೆ ಗರ್ಭಾವಸ್ಥೆಯ ಶುಗರ್ ಪರೀಕ್ಷೆ ತಪ್ಪಿಸಬೇಡಿ.

ನಿಮ್ಮ ಮಟ್ಟಿಗೆ ನೋಡಬೇಕಾದ್ದು ತಟ್ಟೆ. ಹಸಿದು ಬೆಳೆದವರಿಗೆ ತಟ್ಟೆಯಲ್ಲಿ ಅಗುಳು ಬಿಡಲು ಕೈ ಬರುವುದಿಲ್ಲ. 'ಕಡಿಮೆ ತಿನ್ನಿ' ಎಂದು ಡಯಟ್ ಚೀಟಿ ಕೊಟ್ಟರೆ ಹೊಟ್ಟೆಗಿಂತ ಮೊದಲು ಮನಸ್ಸು ಹೆದರುತ್ತದೆ. ಬಡಿಸುವಾಗಲೇ ಕಡಿಮೆ ಮಾಡಿ, ಬಡಿಸಿದ ಮೇಲೆ ಬಿಡಲು ಹೋಗಬೇಡಿ. ದೊಡ್ಡ ಮುದ್ದೆಯ ಬದಲು ಅರ್ಧ ಮುದ್ದೆ, ಎರಡು ಸೌಟು ಬಸ್ಸಾರು, ಒಂದು ಬಟ್ಟಲು ಪಲ್ಯ ಇಟ್ಟರೆ ತಟ್ಟೆ ತುಂಬಿಯೇ ಕಾಣುತ್ತದೆ. ಏಕಾದಶಿ, ಸಂಕಷ್ಟಿ ಉಪವಾಸ ಬಿಡಿ. ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಮೀರಬಾರದು, ತೂಕದ ಮೆಷಿನ್‌ಗಿಂತ ಟೇಪು ಒಳ್ಳೆಯದು. ಊಟವಾದ ಮೇಲೆ 10 ನಿಮಿಷ ನಡಿಗೆ, ದಿನವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರ ಜೊತೆ. ಅದು ಶುಗರಿಗೂ ಆಯಿತು, ಬೇಸರಕ್ಕೂ ಆಯಿತು. ಮನಸ್ಸು ಬಂದಾಗ ಹೋಗುತ್ತೇನೆ ಎಂದರೆ ಆಗದು, ಖಿನ್ನತೆಯಲ್ಲಿ ಮನಸ್ಸು ಕೊನೆಗೆ ಬರುತ್ತದೆ, ಕಾಲು ಮೊದಲು ಹೊರಡಬೇಕು.

ಪ್ರಶ್ನೆ: ನಾನು ಬಿಪಿ-ಶುಗರ್ ಕ್ಲಿನಿಕ್‌ನಲ್ಲಿ ನರ್ಸ್. ಬೆಳಗ್ಗೆ 60 ಜನ. ಖಿನ್ನತೆ, ಬಾಲ್ಯ ಇವನ್ನೆಲ್ಲ ಐದು ನಿಮಿಷದಲ್ಲಿ ಕೇಳುವುದು ಹೇಗೆ?

ಬಾಲ್ಯ ಕೇಳಬೇಡಿ. ಸಾಲಿನಲ್ಲಿ ನಿಂತವರ ಹತ್ತಿರ ಹಳೆಯ ಗಾಯ ತೆರೆಸಿ 'ಮುಂದಿನವರು ಬನ್ನಿ' ಎಂದರೆ ಅವರು ಮುಂದಿನ ತಿಂಗಳು ಬರುವುದಿಲ್ಲ. ಎರಡೇ ಪ್ರಶ್ನೆ ಕೇಳಿ: ಕಳೆದ 2 ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿತೇ? ಮನಸ್ಸು ಕುಗ್ಗಿತ್ತೇ? ತಲಾ 0ರಿಂದ 3. ಎರಡೂ ಸೇರಿ 3 ಅಥವಾ ಮೇಲೆ ಬಂದವರಿಗೆ ಮಾತ್ರ ಒಂಬತ್ತೂ ಕೇಳಿ. 'ಡಿಪ್ರೆಶನ್ ಇದೆಯಾ?' ಎಂದರೆ ಇಲ್ಲ ಎನ್ನುತ್ತಾರೆ. 'ಬೇಜಾರು', 'ಎದೆ ಭಾರ', 'ಯಾಕೋ ಬೇಡ ಅನ್ಸತ್ತೆ' ಎಂಬ ಮಾತು ಬಳಸಿ.

ಬಾಲ್ಯವನ್ನು ಕೇಳದೆಯೂ, ಯಾರಿಗಾದರೂ ಇದ್ದೀತು ಎಂದುಕೊಂಡು ನಡೆದುಕೊಳ್ಳಬಹುದು. ಪಾದ ಪರೀಕ್ಷೆಗೆ ಮುಂಚೆ 'ಕಾಲು ಮುಟ್ಟಲಾ?' ಎಂದು ಕೇಳಿ, ಬಾಗಿಲಿಗೆ ಬೆನ್ನು ಮಾಡಿ ಕೂರಿಸಬೇಡಿ, ತೂಕ ಮತ್ತು ಶುಗರ್ ಸಂಖ್ಯೆಯನ್ನು ಸಾಲಿಗೆ ಕೇಳುವಂತೆ ಕೂಗಬೇಡಿ. 'ಮತ್ತೆ ಸಿಹಿ ತಿಂದ್ರಾ?' ಎಂಬ ಗದರಿಕೆ ಕೆಲವರಿಗೆ ನೇರ ಅಪ್ಪನ ದನಿಯಾಗಿ ಕೇಳುತ್ತದೆ, ಮುಂದಿನ ತಪಾಸಣೆ ತಪ್ಪಿಸುವವರು ಅವರೇ. ಬಾರದವರ ಹೆಸರು ಬೇರೆ ಪುಸ್ತಕದಲ್ಲಿ ಬರೆದು ವಾರದೊಳಗೆ ಫೋನ್ ಮಾಡಿ. ಇದು ಸಣ್ಣ ಕೆಲಸವಲ್ಲ. ಬೆಂಗಳೂರು, ಚೆನ್ನೈ, ದಿಲ್ಲಿ, ವಿಶಾಖಪಟ್ಟಣದ ಕ್ಲಿನಿಕ್‌ಗಳಲ್ಲಿ ಖಿನ್ನತೆ ಮತ್ತು ಹಿಡಿತ ತಪ್ಪಿದ ಮಧುಮೇಹ ಎರಡೂ ಇದ್ದ 404 ಜನರ ಮೇಲೆ ನಡೆದ ಪ್ರಯೋಗದ ಫಲ 2020ರಲ್ಲಿ ಬಂತು. ವೈದ್ಯರ ಜೊತೆ ತರಬೇತಾದ ಆರೈಕೆ ಸಹಾಯಕರು ರೋಗಿಗಳನ್ನು ಹೀಗೆ ಬೆನ್ನುಹತ್ತಿ ನೋಡಿಕೊಂಡ ಗುಂಪಿನಲ್ಲಿ 2 ವರ್ಷದ ಕೊನೆಗೆ 71.6% ಜನರಿಗೆ ಖಿನ್ನತೆಯ ಜೊತೆ ಶುಗರ್, ಬಿಪಿ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 57.4%.

ಯಾರಾದರೂ ತಾವಾಗಿ ಹೇಳತೊಡಗಿ ಅತ್ತರೆ ವಿವರ ಕೆದಕಬೇಡಿ. ಪಕ್ಕದ ಕುರ್ಚಿಯಲ್ಲಿ ಕೂತು ಎರಡು ನಿಮಿಷ ಕೇಳಿ. 'ಹೇಳಿದ್ದು ಒಳ್ಳೇದಾಯ್ತು. ಈಗ ಮನೆಯಲ್ಲಿ ಕ್ಷೇಮವಾಗಿದ್ದೀರಾ?' ಎಂದು ಕೇಳಿ. ಇಲ್ಲವೆಂದರೆ ಅವತ್ತೇ ವೈದ್ಯಾಧಿಕಾರಿಗೆ ತಿಳಿಸಿ. ಚೀಟಿಯಲ್ಲಿ 'ಪಿಎಚ್‌ಕ್ಯೂ 14, ಮಂಗಳವಾರ ಮನೋವೈದ್ಯರಿಗೆ ತೋರಿಸಲು' ಎಂದಷ್ಟೇ ಬರೆಯಿರಿ. ಅವರು ಹೇಳಿದ ಕಥೆ ಚೀಟಿಗೆ ಬೇಡ, ಮನೆಗೆ ಹೋದ ಮೇಲೆ ಆ ಚೀಟಿಯನ್ನು ಮೊದಲು ಓದುವವರು ರೋಗಿಯೇ ಆಗಿರಬೇಕೆಂದಿಲ್ಲ.